ಮೊದಲ ಎರಡು ನಿಮಿಷ ರೋಗಿಯದು

ಬೋಧನಾ ಆಸ್ಪತ್ರೆಯ ಜನರಲ್ ವಾರ್ಡಿಗೆ ಬೆಳಿಗ್ಗೆ ಒಂಬತ್ತರ ಮೇಲೆ ಯಾವತ್ತು ಹೋದರೂ ಹಾಸಿಗೆಗೊಂದು ಗುಂಪು ಕಾಣುತ್ತದೆ. ನಾಲ್ಕೈದು ವಿದ್ಯಾರ್ಥಿಗಳು, ಒಬ್ಬಳ ಕೈಯಲ್ಲಿ ನೋಟ್‌ಬುಕ್ಕು, ಎಲ್ಲರ ಕುತ್ತಿಗೆಯಲ್ಲೂ ಹೊಸ ಸ್ಟೆತಾಸ್ಕೋಪು. ಹಾಸಿಗೆಯಲ್ಲಿ ಕೂತ ಮನುಷ್ಯ ತನ್ನ ಕಥೆಯನ್ನು ಆ ವಾರದಲ್ಲಿ ಎಷ್ಟನೇ ಸಲವೋ ಒಪ್ಪಿಸುತ್ತಿರುತ್ತಾನೆ. ಇದಕ್ಕೆ ನಾವು ಹಿಸ್ಟರಿ ತಗೊಳ್ಳೋದು ಅನ್ನುತ್ತೇವೆ. ಹೆಸರು, ವಯಸ್ಸು, ಊರು, ಕಸುಬು. ಏನು ತೊಂದರೆ, ಎಷ್ಟು ದಿನದಿಂದ. ಹೇಗೆ ಶುರುವಾಯಿತು, ಯಾವಾಗ ಜಾಸ್ತಿ, ಯಾವಾಗ ಕಡಿಮೆ. ಮುಂಚೆ ಏನಾದರೂ ಕಾಯಿಲೆ ಇತ್ತೇ, ಮನೆಯಲ್ಲಿ ಯಾರಿಗಾದರೂ ಇದೆಯೇ. ಊಟ, ನಿದ್ದೆ, ಬೀಡಿ, ಕುಡಿತ. ಹೆಂಗಸರಾದರೆ ಮುಟ್ಟು, ಹೆರಿಗೆ. ಈ ಕ್ರಮ ವಿದ್ಯಾರ್ಥಿಗಳಿಗೆ ಬಾಯಿಪಾಠ. ಕೇಳಿ ಕೇಳಿ ಪಕ್ಕದ ಹಾಸಿಗೆಯವರಿಗೂ ಬಾಯಿಪಾಠವಾಗಿ, ‘ಅವ್ರಿಗೆ ಸಕ್ಕರೆ ಕಾಯಿಲೆನೂ ಇದೆ, ಬರ್ಕೊಳಮ್ಮ’ ಎಂದು ನೆನಪಿಸುತ್ತಾರೆ.

ಆ ಕ್ರಮದ ಮೊದಲ ಸಾಲಿಗೆ ಒಂದು ನಿಯಮವಿದೆ. ಮುಖ್ಯ ತೊಂದರೆಯನ್ನು ರೋಗಿಯ ಮಾತಿನಲ್ಲೇ ಬರೆಯಬೇಕು, ವೈದ್ಯರ ಪರಿಭಾಷೆ ಅಲ್ಲಿ ಬರಕೂಡದು. ವಾರ್ಡಿನಲ್ಲಿ ಪಾಠ ಹೇಳುವಾಗ ನಾನು ಹಟ ಹಿಡಿಯುವುದು ಈ ಒಂದು ಸಾಲಿನ ವಿಷಯದಲ್ಲೇ. ‘ಮೆಟ್ಟಿಲು ಹತ್ತಿದ್ರೆ ಉಸಿರು ಕಟ್ಟುತ್ತೆ, ರಾತ್ರಿ ಎರಡು ದಿಂಬು ಇಟ್ಕೊಂಡೇ ಮಲಗಬೇಕು’ ಎಂದು ರೋಗಿ ಹೇಳಿದ್ದನ್ನು ‘ಡಿಸ್ಪ್ನಿಯಾ, 2 ತಿಂಗಳು’ ಎಂದು ಬರೆದುಕೊಂಡ ವಿದ್ಯಾರ್ಥಿ ಆ ಎರಡು ದಿಂಬನ್ನು ಕಳೆದುಕೊಂಡಿರುತ್ತಾನೆ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ಕಟ್ಟಿಕೊಳ್ಳುತ್ತಿದೆ ಎಂಬುದಕ್ಕೆ ಆ ದಿಂಬುಗಳೇ ಸಾಕ್ಷಿ. ಮಲಗಿದಾಗ ಕಾಲಿನ ಕಡೆಯ ರಕ್ತ ಎದೆಯ ಕಡೆಗೆ ಬರುತ್ತದೆ. ಸೋತ ಹೃದಯಕ್ಕೆ ಅದನ್ನು ತಳ್ಳಲು ಆಗುವುದಿಲ್ಲ. ತಲೆ ಎತ್ತರಿಸಿಕೊಂಡರೆ ಹಗುರಾಗುತ್ತದೆ. ಎಕ್ಸ್‌ರೇ, ಎಕೋ ಎಲ್ಲ ಆಮೇಲೆ, ಕೇಳಿದ್ದನ್ನು ಖಚಿತ ಮಾಡಿಕೊಳ್ಳುವುದಕ್ಕೆ.

ರೋಗಿಯ ಮಾತಿಗೆ ಎಷ್ಟು ಬೆಲೆ ಎಂದು ಅಳೆದು ನೋಡಿದವರಿದ್ದಾರೆ. ಬ್ರಿಟನ್ನಿನ ಹ್ಯಾಂಪ್ಟನ್ ಮತ್ತು ಸಂಗಡಿಗರು 1975ರಲ್ಲಿ ಹೊರರೋಗಿ ವಿಭಾಗಕ್ಕೆ ಹೊಸದಾಗಿ ಬಂದ 80 ಜನರ ವಿಷಯದಲ್ಲಿ ಒಂದು ಸರಳವಾದ ಲೆಕ್ಕ ಇಟ್ಟರು. ಕಳಿಸಿದ ವೈದ್ಯರ ಪತ್ರ ಓದಿ, ರೋಗಿಯ ಮಾತು ಕೇಳಿ ಮುಗಿಸಿದಾಗ ಏನು ಕಾಯಿಲೆ ಅನ್ನಿಸಿತು? ಮೈ ಮುಟ್ಟಿ ನೋಡಿದ ಮೇಲೆ ಅಭಿಪ್ರಾಯ ಬದಲಾಯಿತೇ? ಲ್ಯಾಬಿನ ಫಲಿತಾಂಶ ಬಂದ ಮೇಲೆ? 80ರಲ್ಲಿ 66 ಜನರಿಗೆ ಮೊದಲು ಅಂದುಕೊಂಡದ್ದೇ ಕೊನೆಗೂ ನಿಂತಿತು. ಮುಟ್ಟಿ ನೋಡಿದ್ದರಿಂದ ದಾರಿ ಸಿಕ್ಕಿದ್ದು ಏಳು ಜನರಲ್ಲಿ, ಲ್ಯಾಬಿನಿಂದ ಇನ್ನೇಳು. 1992ರಲ್ಲಿ ಅಮೆರಿಕದಲ್ಲಿ ಇಂಥದ್ದೇ ಅಧ್ಯಯನ ಮತ್ತೆ 80 ಜನರ ಮೇಲೆ ನಡೆದಾಗ 61 ಜನರ ಕಾಯಿಲೆ ಮಾತಿನಲ್ಲೇ ಗೊತ್ತಾಗಿತ್ತು. ಆಗ ಈಗಿನಷ್ಟು ಸ್ಕ್ಯಾನು ಇರಲಿಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ. ಆದರೆ ಯಾರಿಗೆ ಯಾವ ಸ್ಕ್ಯಾನು ಎಂದು ತೀರ್ಮಾನಿಸುವುದಕ್ಕೂ ರೋಗಿ ಹೇಳಿದ್ದೇ ಆಧಾರ. ಅದನ್ನು ಕೇಳದೆ ಬರೆದುಕೊಟ್ಟ ಸ್ಕ್ಯಾನಿಗೆ ಸಾಲ ಮಾಡಿಕೊಂಡು ಬಂದ ಕುಟುಂಬಗಳನ್ನು ನಾನು ನೋಡಿದ್ದೇನೆ.

ಇದೇನೂ ಹೊಸ ತಿಳಿವಳಿಕೆ ಅಲ್ಲ. ಆಯುರ್ವೇದದಲ್ಲಿ ರೋಗಿಯನ್ನು ಅರಿಯುವ ಮೂರು ದಾರಿಗಳೆಂದರೆ ದರ್ಶನ, ಸ್ಪರ್ಶನ, ಪ್ರಶ್ನೆ. ಈಗಿನ ಟರ್ಕಿಯಲ್ಲಿರುವ ಎಫೆಸಸ್ ಊರಿನ ರೂಫಸ್ ಎಂಬ ವೈದ್ಯ ಹತ್ತಿರಹತ್ತಿರ 1,900 ವರ್ಷಗಳ ಹಿಂದೆ ರೋಗಿಯನ್ನು ಪ್ರಶ್ನಿಸುವುದು ಹೇಗೆ ಎಂಬುದರ ಬಗ್ಗೆಯೇ ಒಂದು ಪುಸ್ತಕ ಬರೆದ. ಉತ್ತರದಲ್ಲಿ ಏನಿದೆ ಎಂಬುದರ ಜೊತೆಗೆ ಉತ್ತರ ಕೊಡುವ ರೀತಿಯನ್ನೂ ಗಮನಿಸಿ, ಬುದ್ಧಿ ಸ್ವಸ್ಥವಾಗಿದೆಯೇ ಎಂಬುದು ಅದರಲ್ಲೇ ಗೊತ್ತಾಗುತ್ತದೆ ಎಂಬುದು ಅವನ ಸಲಹೆ. ಇವತ್ತಿಗೂ ಜ್ವರ ತಲೆಗೇರಿದೆಯೇ ಎಂದು ನೋಡುವುದಕ್ಕೆ ನಾವು ಮಾಡುವುದು ಅದನ್ನೇ.

ಹೀಗಿದ್ದೂ ನಾವು ಕೇಳಿಸಿಕೊಳ್ಳುವುದಿಲ್ಲ. 1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬ ಅಮೆರಿಕದ ಸಂಶೋಧಕರು ವೈದ್ಯರ ಕೋಣೆಯಲ್ಲಿ ನಡೆದ 74 ಭೇಟಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದರು. ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಬಾಯಿ ಹಾಕಿದ್ದರು. ಹೇಳಬೇಕೆಂದುಕೊಂಡದ್ದನ್ನು ಪೂರ್ತಿ ಹೇಳಿ ಮುಗಿಸಿದವರು 17 ಜನ ಮಾತ್ರ. 15 ವರ್ಷದ ನಂತರ ಇನ್ನೊಂದು ತಂಡ ನೋಡಿದಾಗ 18 ಸೆಕೆಂಡು 23 ಆಗಿತ್ತು, ಅಷ್ಟೇ. ‘ಬಿಟ್ಟರೆ ಗಂಟೆಗಟ್ಟಲೆ ಹೇಳ್ತಾರೆ’ ಎಂಬುದು ನಮ್ಮ ಭಯ. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಆಸ್ಪತ್ರೆಯೊಂದು 2002ರಲ್ಲಿ ಆ ಭಯವನ್ನೇ ಪರೀಕ್ಷೆಗೆ ಇಟ್ಟಿತು. 335 ರೋಗಿಗಳು, ವೈದ್ಯರಿಗೆ ಇದ್ದ ಸೂಚನೆ ಒಂದೇ, ಅವರಾಗಿ ನಿಲ್ಲಿಸುವ ತನಕ ಮಾತಾಡಲು ಬಿಡಿ. ಸರಾಸರಿ 92 ಸೆಕೆಂಡಿಗೆ ಮಾತು ಮುಗಿದಿತ್ತು. ನೂರಕ್ಕೆ 78 ಜನ ಎರಡು ನಿಮಿಷದೊಳಗೆ ನಿಲ್ಲಿಸಿದ್ದರು. ಐದು ನಿಮಿಷ ದಾಟಿದವರು ಏಳೇ ಜನ, ಅವರು ಹೇಳಿದ್ದೂ ಬೇಕಾದದ್ದೇ ಎಂದು ವೈದ್ಯರಿಗೆ ಅನ್ನಿಸಿತ್ತು.

ಬಾಸೆಲ್ ಬಾಸೆಲ್, ನಮ್ಮ ಓಪಿಡಿ ನಮ್ಮ ಓಪಿಡಿ ಎನ್ನುವವರ ಮಾತಿನಲ್ಲಿ ಹುರುಳಿದೆ. 67 ದೇಶಗಳಲ್ಲಿ ವೈದ್ಯರು ಒಬ್ಬ ರೋಗಿಯ ಜೊತೆ ಎಷ್ಟು ಹೊತ್ತು ಕಳೆಯುತ್ತಾರೆ ಎಂಬ ಲೆಕ್ಕ 2017ರಲ್ಲಿ ಪ್ರಕಟವಾಯಿತು. ಸ್ವೀಡನ್ನಿನಲ್ಲಿ 22 ನಿಮಿಷದ ಮೇಲೆ, ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಭಾರತದಲ್ಲಿ ಸುಮಾರು 2 ನಿಮಿಷ. ಸೋಮವಾರ ತಾಲ್ಲೂಕು ಆಸ್ಪತ್ರೆಯ ಓಪಿಡಿ ಹೇಗಿರುತ್ತದೆ ಎಂದು ಹೋದವರಿಗೆಲ್ಲ ಗೊತ್ತು. ಚೀಟಿ ಹಿಡಿದವರ ಸಾಲು ಗೇಟಿನ ತನಕ, ಒಳಗೆ ಮೇಜಿನ ಸುತ್ತ ಆರು ಜನ, ಒಬ್ಬರ ನಾಡಿ ಹಿಡಿದಿರುವಾಗಲೇ ಇನ್ನೊಬ್ಬರ ರಿಪೋರ್ಟು ಮುಖದ ಮುಂದೆ. ಅಲ್ಲಿ ಕೂತ ವೈದ್ಯ ನಿರ್ದಯಿ ಅಲ್ಲ, ಮಧ್ಯಾಹ್ನ ಎರಡರೊಳಗೆ ಸಾಲು ಕರಗಿಸಬೇಕು ಎಂಬ ಒತ್ತಡದಲ್ಲಿ ಇರುತ್ತಾನೆ. ಜನ ಜಾಸ್ತಿ, ವೈದ್ಯರು ಕಡಿಮೆ ಎಂಬ ಸಮಸ್ಯೆಗೆ ಸರ್ಕಾರವೇ ಉತ್ತರ ಕೊಡಬೇಕು, ಒಳ್ಳೆಯ ಮಾತಿನಿಂದ ಅದು ತೀರುವುದಿಲ್ಲ. ಆದರೆ ಇರುವ ಎರಡು ನಿಮಿಷವನ್ನೂ ನಮ್ಮ ಪ್ರಶ್ನೆಗಳೇ ನುಂಗಿಬಿಟ್ಟರೆ ರೋಗಿಗೆ ಉಳಿಯುವುದೇನು? ‘ಜ್ವರ ಇದೆಯಾ? ಕೆಮ್ಮು? ವಾಂತಿ?’ ಎಂದು ಹೌದು-ಇಲ್ಲದ ಪ್ರಶ್ನೆಗಳನ್ನು ಮೊದಲೇ ಸುರಿದರೆ ಅವರು ತಲೆ ಆಡಿಸುತ್ತಾರೆ, ಹೇಳಬೇಕೆಂದು ಮನೆಯಿಂದ ಹೊತ್ತು ತಂದದ್ದು ಅಲ್ಲೇ ಉಳಿಯುತ್ತದೆ. ‘ಹೇಳಿ, ಏನಾಯ್ತು?’ ಎಂದು ಬಿಟ್ಟುಕೊಟ್ಟು, ಅವರು ನಿಲ್ಲಿಸಿದ ಮೇಲೆ ನಮ್ಮ ಪ್ರಶ್ನೆ ಶುರು ಮಾಡಿದರೆ ಹೊತ್ತು ಉಳಿಯುತ್ತದೆ ಎಂಬುದು ನನ್ನ ಅನುಭವ.

ಕೊನೆಯ ಪ್ರಶ್ನೆಯ ಧಾಟಿಯೂ ಮುಖ್ಯ. ‘ಬೇರೇನೂ ಇಲ್ಲ ಅಲ್ವಾ?’ ಎಂದು ಪೆನ್ನಿನ ಕ್ಯಾಪು ಹಾಕುತ್ತ ಕೇಳಿದರೆ ಉತ್ತರ ‘ಇಲ್ಲ ಮೇಡಂ’. ‘ಇನ್ನೇನು ಹೇಳ್ಬೇಕು ಅಂದ್ಕೊಂಡು ಬಂದಿದ್ರಿ?’ ಎಂದು ಮುಖ ನೋಡಿ ಕೇಳಿದರೆ ಎರಡನೆಯ ವಿಷಯ ಹೊರಬರುತ್ತದೆ. ಅದು ಕೇಳದೆ ಉಳಿದರೆ ಬಾಗಿಲ ಹತ್ತಿರ ಹೋಗಿ, ಅರ್ಧ ತಿರುಗಿ, ‘ಅಂದ್ಹಾಗೆ ಮೇಡಂ...’ ಎಂದು ಶುರು ಮಾಡುತ್ತಾರೆ. ರಕ್ತ ಕಂಡದ್ದು, ಎದೆಯಲ್ಲಿ ಗಂಟು ಸಿಕ್ಕಿದ್ದು, ಮಗ ರಾತ್ರಿ ಮಲಗದೆ ಓಡಾಡುವುದು, ಇಂಥವೇ ಹೆಚ್ಚಾಗಿ ಬಾಗಿಲ ಹತ್ತಿರದ ಮಾತಾಗುತ್ತವೆ.

ಎದೆಯ ಕಥೆಗೆ ಬರುತ್ತೇನೆ. ನಮ್ಮ ಜನರಿಗೆ ಎದೆಯಲ್ಲಿ, ಹೊಟ್ಟೆಯ ಮೇಲ್ಭಾಗದಲ್ಲಿ ಏನೇ ಆದರೂ ಅದು ಗ್ಯಾಸು. ಊಟವಾದ ಮೇಲೆ ಹೊಟ್ಟೆ ಉಬ್ಬರಿಸಿದರೂ ಗ್ಯಾಸು, ಹೃದಯದ ರಕ್ತನಾಳ ಮುಚ್ಚಿಕೊಳ್ಳುತ್ತಿದ್ದರೂ ಗ್ಯಾಸು. ರೋಗಿ ‘ಗ್ಯಾಸ್ಟ್ರಿಕ್ ಆಗಿದೆ’ ಎಂದು ತಾನೇ ತೀರ್ಮಾನ ಹೇಳುತ್ತಾನೆ, ಮೆಡಿಕಲ್ ಶಾಪಿನವನು ಅದಕ್ಕೊಂದು ಮಾತ್ರೆ ಕೊಟ್ಟಿರುತ್ತಾನೆ, ದಣಿದ ವೈದ್ಯನೂ ಆ ಹಣೆಪಟ್ಟಿಯನ್ನೇ ಒಪ್ಪಿಕೊಂಡರೆ ಅಪಾಯ ಅಲ್ಲೇ. ಹಾಗಾಗಿ ಗ್ಯಾಸು ಎಂದವರನ್ನು ಅಲ್ಲಿಗೇ ಬಿಡಬಾರದು. ‘ಗ್ಯಾಸು ಅಂದ್ರೆ ನಿಮಗೆ ಏನಾಗುತ್ತೆ? ಎಲ್ಲಿ, ಕೈಯಿಟ್ಟು ತೋರಿಸಿ.’ ಒಂದು ಬೆರಳಿನಿಂದ ಒಂದು ಜಾಗ ತೋರಿಸಿದರೆ ಒಂದು ರೀತಿ, ಅಂಗೈ ಅಥವಾ ಮುಷ್ಟಿಯನ್ನು ಎದೆಯ ನಡುವೆ ಒತ್ತಿ ಹಿಡಿದರೆ ಇನ್ನೊಂದು ರೀತಿ. ‘ನಡೆದಾಗ, ದಿಣ್ಣೆ ಹತ್ತಿದಾಗ ಬರುತ್ತಾ? ನಿಂತ್ರೆ ಹೋಗುತ್ತಾ? ಬೆವರಿತಾ? ಎಡಗೈ, ದವಡೆ ಎಳೆದ ಹಾಗಾಯ್ತಾ?’ ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಬೆವರು, ಉಬ್ಬಸವಾಗಿಯೂ ಹೃದಯಾಘಾತ ಬರಬಹುದು. 2023ರಲ್ಲಿ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟು, ದೊಡ್ಡ ಆಸ್ಪತ್ರೆಗೆ ಕಳಿಸುವ ಏರ್ಪಾಡು ಅದು. ಬಹಳ ಒಳ್ಳೆಯ ಕೆಲಸ. ಆದರೆ ಗ್ಯಾಸು ಎಂದು ಬಂದವರನ್ನು ಆ ಇಸಿಜಿ ಯಂತ್ರದ ತನಕ ಮುಟ್ಟಿಸುವುದು ಈ ನಾಲ್ಕು ಪ್ರಶ್ನೆಗಳೇ.

ಕೇಸ್ ಶೀಟಿನಲ್ಲಿ ಕಸುಬು ಎಂಬ ಕಾಲಂ ಬಂದದ್ದರ ಹಿಂದೆ ಒಬ್ಬ ಮನುಷ್ಯನಿದ್ದಾನೆ. ಇಟಲಿಯ ಬರ್ನಾರ್ಡಿನೊ ರಾಮಜ್ಜಿನಿ 1700ರಲ್ಲಿ ಕೆಲಸಗಾರರ ಕಾಯಿಲೆಗಳ ಬಗ್ಗೆ ಪುಸ್ತಕ ಪ್ರಕಟಿಸಿದ. ಹಿಪ್ಪೊಕ್ರೆಟಿಸ್ ಹೇಳಿದ ಪ್ರಶ್ನೆಗಳಿಗೆ ಇನ್ನೊಂದನ್ನು ಸೇರಿಸಿ, ನೀನು ಏನು ಕೆಲಸ ಮಾಡುತ್ತೀಯ ಎಂದು ರೋಗಿಯನ್ನು ಕೇಳಿ ಎಂದು ವೈದ್ಯರಿಗೆ ಹೇಳಿದ. ಈ ಕಾಲಮ್ಮಿನಲ್ಲಿ ನಮ್ಮವರು ‘ಕೂಲಿ’ ಎಂದು ಬರೆದು ಮುಂದೆ ಹೋಗುತ್ತಾರೆ. ಕೂಲಿ ಎಂದರೆ ಏನು? ಕಲ್ಲು ಕ್ವಾರಿಯಲ್ಲೋ, ಗದ್ದೆಯಲ್ಲೋ, ಬೀಡಿ ಕಟ್ಟುವುದೋ, ಅಡಿಕೆಗೆ ಔಷಧಿ ಹೊಡೆಯುವುದೋ? ಮೊದಲನೆಯದಾದರೆ ವರ್ಷಗಟ್ಟಲೆಯ ಕೆಮ್ಮಿಗೆ ಕಲ್ಲಿನ ದೂಳು ಕಾರಣ ಇರಬಹುದು, ಎರಡನೆಯದಾದರೆ ಮಳೆಗಾಲದ ಜ್ವರ ಇಲಿ ಜ್ವರ ಇರಬಹುದು.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಅಂಚಿನ ಊರುಗಳಲ್ಲಿ ಜನ ಕೆಟ್ಟ ಜ್ವರ ಬಂದು ಮಲಗಿದರು, ಕೆಲವರು ಸತ್ತರು. ಟೈಫಾಯ್ಡೋ ಇನ್ನೊಂದೋ ಎಂದು ಎಣಿಸಬಹುದಾಗಿದ್ದ ಜ್ವರವನ್ನು ಬೇರೆ ಮಾಡಿ ತೋರಿಸಿದ್ದು ಒಂದು ಸುದ್ದಿ: ಕಾಡಿನಲ್ಲಿ ಮಂಗಗಳೂ ಸಾಯುತ್ತಿವೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಅದುವರೆಗೆ ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲದ ಹೊಸ ವೈರಸ್ಸು ಸಿಕ್ಕಿತು, ಅದನ್ನು ಹರಡುವುದು ಕಾಡಿನ ಉಣುಗು ಎಂಬುದೂ ತಿಳಿಯಿತು. ಆ ಕಾಡಿನ ಹೆಸರೇ ಕಾಯಿಲೆಗೆ ಬಂತು. ನಮ್ಮ ಜನ ಮಂಗನ ಕಾಯಿಲೆ ಎಂದು ಕರೆದರು. ಇವತ್ತಿಗೂ ಡಿಸೆಂಬರಿನಿಂದ ಮೇ ತನಕ ಸಾಗರ, ತೀರ್ಥಹಳ್ಳಿ, ಸಿದ್ದಾಪುರದ ಕಡೆಯ ಯಾವ ಆಸ್ಪತ್ರೆಗೆ ಜ್ವರ, ತಲೆನೋವು, ಮೈಕೈ ನೋವು ಎಂದು ಬಂದರೂ ಅನುಭವವಿರುವ ವೈದ್ಯರ ಮೊದಲ ಪ್ರಶ್ನೆಗಳು ಬೇರೆ. ‘ಕಾಡಿಗೆ ಹೋಗಿದ್ರಾ? ದರಕು ತರೋಕೆ, ಸೌದೆಗೆ? ಉಣುಗು ಕಚ್ಚಿತ್ತಾ? ನಿಮ್ಮ ಕಡೆ ಮಂಗ ಸತ್ತಿದ್ದು ಕಂಡ್ರಾ?’ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗ ರಜೆಗೆ ಊರಿಗೆ ಹೋಗಿ, ಅಪ್ಪನ ಜೊತೆ ಬೆಟ್ಟಕ್ಕೆ ಹೋಗಿ ಬಂದು, ವಾರದ ಮೇಲೆ ಬೆಂಗಳೂರಿನಲ್ಲಿ ಜ್ವರ ಹಿಡಿದು ಮಲಗಿದರೆ ಅಲ್ಲಿನ ವೈದ್ಯರು ಈ ಪ್ರಶ್ನೆ ಕೇಳುತ್ತಾರೆಯೇ? ಡೆಂಗಿ ಪರೀಕ್ಷೆ ಆಗುತ್ತದೆ, ಪ್ಲೇಟ್ಲೆಟ್ ಕಡಿಮೆ ಇರುವುದೂ ಕಾಣುತ್ತದೆ, ಮಂಗನ ಕಾಯಿಲೆಯಲ್ಲೂ ಅದು ಕಡಿಮೆಯಾಗುತ್ತದೆ. ‘ಹದಿನೈದು ದಿನದಲ್ಲಿ ಎಲ್ಲೆಲ್ಲಿ ಹೋಗಿದ್ರಿ?’ ಎಂಬ ಪ್ರಶ್ನೆಗೆ ಖರ್ಚಿಲ್ಲ.

ರೋಗಿಯ ಮಾತು ರೋಗಿಯಿಂದ ಬರಬೇಕು ಎಂಬುದು ಕೇಳಲು ಸುಲಭ. ನಮ್ಮಲ್ಲಿ ಯಾರೂ ಒಬ್ಬರೇ ಆಸ್ಪತ್ರೆಗೆ ಬರುವುದಿಲ್ಲ. ಜೊತೆಗೆ ಬರುವುದು ಪ್ರೀತಿಯೂ ಹೌದು, ಅಭ್ಯಾಸವೂ ಹೌದು. ಗಂಡ ಹೆಂಡತಿಯ ಪರವಾಗಿ, ಮಗ ತಾಯಿಯ ಪರವಾಗಿ ಮಾತಾಡುತ್ತಾರೆ. ಮಂಡ್ಯದ ಕಡೆಯ ಅಜ್ಜಿಯೊಬ್ಬರನ್ನು ಅವರ ಮಗ ಕರೆದುಕೊಂಡು ಬಂದಿದ್ದರು. ‘ಏನಾಗ್ತಿದೆ ಅಜ್ಜಿ?’ ಎಂದರೆ ಉತ್ತರ ಮಗನಿಂದ ಬಂತು. ‘ಏನಿಲ್ಲ ಮೇಡಂ, ಸುಸ್ತು ಅಂತಾರೆ. ಊಟ ಸರಿಯಾಗಿ ಮಾಡಲ್ಲ. ಒಂದು ಡ್ರಿಪ್ ಹಾಕಿ ಟಾನಿಕ್ ಬರ್ಕೊಟ್ಬಿಡಿ.’ ಅಜ್ಜಿ ಸೆರಗಿನ ಅಂಚು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತಿದ್ದರು. ‘ಊಂ ಕಣವ್ವ, ಸುಸ್ತು’ ಅಂದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಬಿಳಿಚಿಕೊಂಡಿತ್ತು. ಮಗನ ಕೈಗೆ ರಕ್ತ ಪರೀಕ್ಷೆಯ ಚೀಟಿ ಕೊಟ್ಟು, ‘ಬಿಲ್ ಮಾಡಿಸ್ಕೊಂಡು ಬನ್ನಿ’ ಎಂದು ಕಳಿಸಿದೆ. ಸಿಸ್ಟರ್ ಪರದೆ ಎಳೆದರು.

‘ಈಗ ಹೇಳಿ ಅಜ್ಜಿ. ಅವರು ಬರೋದು ಹೊತ್ತಾಗುತ್ತೆ.’

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಸುಮ್ಮನಿರುವಿಕೆಯನ್ನು ತುಂಬದೆ ಬಿಡುವುದು ವೈದ್ಯರಿಗೆ ಬಹಳ ಕಷ್ಟದ ಕೆಲಸ, ಕಲಿತು ರೂಢಿ ಮಾಡಿಕೊಳ್ಳಬೇಕು. ಆಮೇಲೆ ಅಂದರು: ‘ನಿಂತೋಗಿ ಎಸ್ಟೋ ವರ್ಸ ಆಗಿತ್ತು ಕಣವ್ವ. ಈಗ ಮತ್ತೆ ಕಾಣುಸ್ಕೋತದೆ. ಈ ವಯಸ್ಸಲ್ಲಿ ನಾಚ್ಕೆಗೇಡು. ಮಗನ ಮುಂದೆ ಎಂಗ್ ಹೇಳಾದು?’

‘ಯಾವಾಗಿಂದ ಅಜ್ಜಿ?’

‘ಗೌರಿ ಹಬ್ಬದಲ್ಲಿ ಸುರುವಾಯ್ತು.’

ಆಗ ಶಿವರಾತ್ರಿ ಹತ್ತಿರ ಬಂದಿತ್ತು. ಮುಟ್ಟು ನಿಂತು ವರ್ಷ ದಾಟಿದ ಮೇಲೆ ಒಂದು ಹನಿ ಕಂಡರೂ ಗರ್ಭಕೋಶದ ಕ್ಯಾನ್ಸರ್ ಅಲ್ಲ ಎಂದು ಖಚಿತವಾಗುವ ತನಕ ಬಿಡಬಾರದು ಎಂಬುದು ವೈದ್ಯಕೀಯದ ಕಟ್ಟುನಿಟ್ಟಿನ ಪಾಠ. ಅಜ್ಜಿಗೆ ಇದ್ದದ್ದು ಅದೇ. ಗರ್ಭಕೋಶ ದಾಟಿರಲಿಲ್ಲವಾದ್ದರಿಂದ ಶಸ್ತ್ರಚಿಕಿತ್ಸೆಯಾಗಿ ಹುಷಾರಾದರು. ಆರು ತಿಂಗಳು ಒಳಗೇ ಇಟ್ಟುಕೊಂಡದ್ದು ಹೊರಬರಲು ಬೇಕಾದದ್ದು ಒಂದು ಪರದೆ, ಮಗನಿಗೆ ಒಂದು ಕೆಲಸ. ನಮ್ಮ ಎಷ್ಟೋ ಓಪಿಡಿಗಳಲ್ಲಿ ಆ ಪರದೆ ಇಲ್ಲ, ಇದ್ದರೂ ಅದರ ಕೊಕ್ಕೆ ಕಿತ್ತುಹೋಗಿ ಮೂಲೆಗೆ ಒತ್ತಿರುತ್ತಾರೆ.

ಬೆಂಗಳೂರಿನಂಥ ಊರಿನಲ್ಲಿ ಇದಕ್ಕೆ ಭಾಷೆಯ ತೊಡಕೂ ಸೇರುತ್ತದೆ. ಒಡಿಶಾ, ಬಂಗಾಳದಿಂದ ಕಟ್ಟಡದ ಕೆಲಸಕ್ಕೆ ಬಂದ ಹೆಂಗಸಿನ ಮಾತನ್ನು ಶಾಲೆಗೆ ಹೋಗುವ ಅವಳ ಮಗ ಕನ್ನಡಕ್ಕೆ ತಂದು ಹೇಳುತ್ತಾನೆ. ತಾಯಿ ತನ್ನ ಬಿಳಿಮುಟ್ಟಿನ ಬಗ್ಗೆ, ಗಂಡ ಹೊಡೆದದ್ದರ ಬಗ್ಗೆ ಆ ಹುಡುಗನ ಬಾಯಿಂದ ಹೇಳಿಸುವುದು ಸಾಧ್ಯವೇ? ಅತ್ತ ಬೇರೆ ರಾಜ್ಯದಿಂದ ಓದಲು ಬಂದ ವಿದ್ಯಾರ್ಥಿ ‘ಎಲ್ಲಿ ನೋವು’ ಎನ್ನುವಷ್ಟು ಕನ್ನಡ ಕಲಿತು ಕಲಬುರಗಿಯ ವಾರ್ಡಿಗೆ ಹೋದರೆ, ‘ಕಾಲು ಹರೀತಾವ್ರಿ, ಜ್ವರ ಬಂದಾವ್ರಿ’ ಎಂಬ ಮಾತಿಗೆ ಕಕ್ಕಾಬಿಕ್ಕಿಯಾಗುತ್ತಾನೆ. 2019ರಲ್ಲಿ ಬದಲಾದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಮೊದಲ ತಿಂಗಳಲ್ಲೇ ಸ್ಥಳೀಯ ಭಾಷೆ ಕಲಿಸಬೇಕು ಎಂದಿತ್ತು. ನಡವಳಿಕೆ, ನೀತಿ, ಸಂವಹನ ಎಂಬ ಪಾಠ ಎಲ್ಲ ವರ್ಷಗಳಲ್ಲೂ ಇದೆ. ನಾನು ಓದಿದ ಕಾಲದಲ್ಲಿ ಇದೊಂದೂ ಇರಲಿಲ್ಲ, ಬಂದದ್ದು ದೊಡ್ಡ ಹೆಜ್ಜೆ. ಆದರೆ ವಾರ್ಡಿನ ಆಯಾ, ಡಿ ಗ್ರೂಪ್ ನೌಕರರು ದಿನವೂ ಮಾಡುತ್ತಿರುವ ದುಭಾಷಿ ಕೆಲಸಕ್ಕೆ ಹೆಸರೂ ಇಲ್ಲ, ತರಬೇತಿಯೂ ಇಲ್ಲ. ಆಸ್ಪತ್ರೆಗಳು ಅವರಲ್ಲಿ ಆಸಕ್ತಿ ಇರುವವರನ್ನು ಆರಿಸಿ, ತರಬೇತಿ ಕೊಟ್ಟು, ಅದಕ್ಕೊಂದು ಭತ್ಯೆ ಕೊಡಬೇಕು.

ಮಾತ್ರೆಯ ವಿಷಯದಲ್ಲಿ ಜನ ಮುಚ್ಚಿಡುವುದಕ್ಕೆ ಬಹುಪಾಲು ನಾವೇ ಕಾರಣ. ‘ಮಾತ್ರೆ ತಗೋತಿದ್ದೀರಾ?’ ಎಂದು ಗದರುವ ದನಿಯಲ್ಲಿ ಕೇಳಿದರೆ ‘ಹೂಂ’ ಬಿಟ್ಟು ಬೇರೆ ಉತ್ತರ ಎಲ್ಲಿಂದ ಬರಬೇಕು? ‘ದಿನಾ ಮಾತ್ರೆ ನುಂಗೋದು ಕಷ್ಟ, ವಾರದಲ್ಲಿ ಎಷ್ಟು ದಿನ ತಪ್ಪಿಹೋಗುತ್ತೆ?’ ಎಂದು ಕೇಳಿದರೆ ‘ಎರಡು ಮೂರು ದಿನ ಹೋಗ್ಬಿಡುತ್ತೆ’ ಎಂದು ನಗುತ್ತಾರೆ. ಬಿಪಿ ನಾರ್ಮಲ್ ಬಂತು ಎಂದು ನಿಲ್ಲಿಸಿದವರು, ತಿಂಗಳ ಕೊನೆಗೆ ದುಡ್ಡು ಸಾಲದೆ ಮಾತ್ರೆಯನ್ನು ಅರ್ಧ ಮಾಡಿಕೊಂಡವರು ಆಗ ಗೊತ್ತಾಗುತ್ತಾರೆ. ನಾಟಿ ಔಷಧಿಯ ಹೆಸರೆತ್ತಿದರೆ ವೈದ್ಯರು ರೇಗುತ್ತಾರೆ ಎಂಬ ಭಯಕ್ಕೆ ಅದನ್ನೂ ಹೇಳುವುದಿಲ್ಲ. ಮಂಡಿನೋವಿಗೆ ಎಲ್ಲೋ ಕೊಟ್ಟ ಹೆಸರಿಲ್ಲದ ಪುಡಿಯಲ್ಲಿ ಸ್ಟೆರಾಯ್ಡ್ ಬೆರೆತಿರುವುದುಂಟು. ತಿಂಗಳುಗಟ್ಟಲೆ ತಿಂದು ಮುಖ ಊದಿಕೊಂಡವರು ಅದನ್ನು ಒಮ್ಮೆಗೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ಆ ಪುಡಿಯ ವಿಷಯ ಗೊತ್ತಿರದ ವೈದ್ಯ ಅಂಥವರ ಶಸ್ತ್ರಚಿಕಿತ್ಸೆಗೆ ಕೈಹಾಕಿದರೆ ಅಪಾಯ ಇಬ್ಬರಿಗೂ.

ಕೇಳುವುದು ಅರ್ಧ, ಹೇಳುವುದು ಇನ್ನರ್ಧ. ವೈದ್ಯರು ಹೇಳಿದ್ದರಲ್ಲಿ ನೂರಕ್ಕೆ 40ರಿಂದ 80ರಷ್ಟು ಅಲ್ಲೇ ಮರೆತುಹೋಗುತ್ತದೆ ಎಂದು 2003ರಲ್ಲಿ ಕೆಸೆಲ್ಸ್ ಎಂಬ ಡಚ್ ವಿಜ್ಞಾನಿ ಅದುವರೆಗಿನ ಅಧ್ಯಯನಗಳನ್ನು ಕೂಡಿಸಿ ಬರೆದರು. ಭಯದಲ್ಲಿರುವವರಿಗೆ ಇನ್ನೂ ಹೆಚ್ಚು ಮರೆಯುತ್ತದೆ. ಚೀಟಿಯ ಮೇಲೆ 1-0-1 ಎಂದು ಬರೆದರೆ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂಬುದು ನಮಗೆ ಎಷ್ಟು ಸಹಜವೋ ಅಕ್ಷರ ಬಾರದವರಿಗೆ ಅಷ್ಟೇ ಅಪರಿಚಿತ. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ನೋಡಿ. ವಾರಕ್ಕೆ ಒಂದೇ ದಿನ ತಗೊಳ್ಳಬೇಕು. ‘ವಾರಕ್ಕೊಮ್ಮೆ’ ಎಂದು ಹೇಳಿ ಕಳಿಸಿದರೂ ಉಳಿದ ಮಾತ್ರೆಗಳ ಜೊತೆ ದಿನವೂ ನುಂಗಿ, ಬಾಯೆಲ್ಲ ಹುಣ್ಣಾಗಿ, ಮೂಳೆಯ ಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸಿ, ಸಾವಿನ ಬಾಗಿಲಿಗೆ ಹೋದವರು ಜಗತ್ತಿನಾದ್ಯಂತ ಇದ್ದಾರೆ. ಅದಕ್ಕೇ ದಿನದ ಹೆಸರು ಬರೆಯಬೇಕು. ‘ಸೋಮವಾರ ಮಾತ್ರ’ ಎಂದು ಕನ್ನಡದಲ್ಲಿ, ದಪ್ಪಕ್ಷರದಲ್ಲಿ. 2024ರಲ್ಲಿ ರಾಜ್ಯದ ಕೆಲವು ವೈದ್ಯರು ಔಷಧಿ ಚೀಟಿಯನ್ನು ಕನ್ನಡದಲ್ಲೇ ಬರೆಯತೊಡಗಿದಾಗ ಪರ-ವಿರೋಧ ಚರ್ಚೆಯಾಯಿತು. ಔಷಧಿಯ ಹೆಸರು ಯಾವ ಲಿಪಿಯಲ್ಲಾದರೂ ಇರಲಿ. ಎಷ್ಟು, ಯಾವಾಗ, ಊಟಕ್ಕೆ ಮುಂಚೆಯೋ ಆಮೇಲೋ, ಏನಾದರೆ ತಿರುಗಿ ಬರಬೇಕು ಎಂಬ ನಾಲ್ಕು ಸಾಲು ಕನ್ನಡದಲ್ಲಿ ಇರಲೇಬೇಕು ಎಂಬುದು ನನ್ನ ನಿಲುವು.

ಅರ್ಥವಾಯಿತೇ ಎಂದು ಕೇಳುವುದರಿಂದ ಏನೂ ಗೊತ್ತಾಗುವುದಿಲ್ಲ, ಎಲ್ಲರೂ ಹೌದು ಎನ್ನುತ್ತಾರೆ. ‘ಮನೆಗೆ ಹೋಗಿ ಸೊಸೆಗೆ ಇದನ್ನ ಹೇಗೆ ಹೇಳ್ತೀರಿ? ನನಗೊಂದ್ಸಲ ಹೇಳಿ’ ಎಂದು ಅವರಿಂದಲೇ ಹೇಳಿಸಿದರೆ ತಪ್ಪು ಎಲ್ಲಿದೆ ಎಂದು ಅಲ್ಲೇ ಕಾಣುತ್ತದೆ. ಕೂತು ಹೇಳುವುದೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಕ್ಯಾನ್ಸಸ್‌ನ ಆಸ್ಪತ್ರೆಯೊಂದರಲ್ಲಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾದವರ ಹಾಸಿಗೆಯ ಬಳಿ ವೈದ್ಯರು ಕೆಲವರೊಂದಿಗೆ ನಿಂತು, ಕೆಲವರೊಂದಿಗೆ ಕೂತು ಮಾತಾಡಿದರು. ಕೂತದ್ದು ಒಂದು ನಿಮಿಷದಷ್ಟೇ. ಆ ರೋಗಿಗಳು ಡಾಕ್ಟರು ಐದು ನಿಮಿಷ ಇದ್ದರು ಎಂದರು.

ಕೆಟ್ಟ ಸುದ್ದಿ ಹೇಳುವ ಹೊತ್ತಿನಲ್ಲಿ ಇದೆಲ್ಲದರ ಪರೀಕ್ಷೆಯಾಗುತ್ತದೆ. ಕಾರಿಡಾರಿನಲ್ಲಿ ಮಗ ಕೈಹಿಡಿದು, ‘ಅಪ್ಪನಿಗೆ ಮಾತ್ರ ಹೇಳ್ಬೇಡಿ ಮೇಡಂ, ಎದೆಗುಂದಿಬಿಡ್ತಾರೆ’ ಅನ್ನುತ್ತಾನೆ. ಅಪ್ಪನ ಹತ್ತಿರ ಹೋದರೆ ‘ನಂಗೆ ಗೊತ್ತು ಮೇಡಂ, ಹುಡುಗನಿಗೆ ಹೇಳ್ಬೇಡಿ’ ಅನ್ನುತ್ತಾರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರೆದುಕೊಟ್ಟರು ಎಂದ ಕೂಡಲೇ ಕರ್ನಾಟಕದ ಯಾವ ಹಳ್ಳಿಯವರಿಗಾದರೂ ವಿಷಯ ತಿಳಿದುಹೋಗಿರುತ್ತದೆ. ಇಬ್ಬರೂ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು, ಜಮೀನಿನ ಮಾತು, ಮಗಳ ಮದುವೆಯ ಮಾತು ಆಡದೆ ದಿನ ಕಳೆಯುತ್ತಾರೆ. ವೈದ್ಯರಾದ ಬೇಯ್ಲ್, ಬಕ್‌ಮನ್ ಮೊದಲಾದವರು 2000ದಲ್ಲಿ ಕೆಟ್ಟ ಸುದ್ದಿ ಹೇಳುವ ಕ್ರಮವೊಂದನ್ನು ಬರೆದಿಟ್ಟರು. ಅದರಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದದ್ದು ಒಂದು ಹೆಜ್ಜೆ: ಹೇಳುವುದಕ್ಕೆ ಮುಂಚೆ, ಎಷ್ಟು ಗೊತ್ತಿದೆ, ಎಷ್ಟು ತಿಳಿಯಬೇಕು ಅನ್ನಿಸುತ್ತಿದೆ ಎಂದು ರೋಗಿಯನ್ನೇ ಕೇಳುವುದು. ‘ಎಲ್ಲ ನಿಮಗೇ ಹೇಳಲಾ, ಮಗನಿಗೆ ಹೇಳಲಾ, ಇಬ್ಬರನ್ನೂ ಕೂರಿಸ್ಕೊಂಡು ಹೇಳಲಾ?’ ಎಂದರೆ ಮೂರನೆಯದನ್ನು ಆರಿಸುವವರೇ ಹೆಚ್ಚು. ಇನ್ನು ಶಸ್ತ್ರಚಿಕಿತ್ಸೆಯಂಥ ವಿಷಯದಲ್ಲಿ ಎಚ್ಚರವಾಗಿರುವ, ವಯಸ್ಕ ರೋಗಿಯನ್ನು ಬಿಟ್ಟು ಮನೆಯವರಿಂದ ಮಾತ್ರ ಒಪ್ಪಿಗೆ ಪಡೆಯುವಂತಿಲ್ಲ. ರೋಗಿಗೆ ಅರ್ಥವಾಗುವಂತೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಎಂದು ಸುಪ್ರೀಂ ಕೋರ್ಟು 2008ರ ಜನವರಿಯ ತೀರ್ಪೊಂದರಲ್ಲಿ ಸ್ಪಷ್ಟವಾಗಿ ಹೇಳಿದೆ. ಫಾರಂ ಮುಂದಿಟ್ಟು ‘ಇಲ್ಲಿ ಸೈನ್ ಮಾಡಿ’ ಎನ್ನುವುದು ಒಪ್ಪಿಗೆ ಪಡೆದಂತಲ್ಲ.

ಕೇಸ್ ಶೀಟಿನಲ್ಲಿ ಇಲ್ಲದ, ಇರಬೇಕಾದ ಪ್ರಶ್ನೆ ಇನ್ನೊಂದಿದೆ. ಹಾರ್ವರ್ಡಿನ ಮನೋವೈದ್ಯ, ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ 1978ರಲ್ಲಿ ಸಂಗಡಿಗರೊಂದಿಗೆ ಬರೆದ ಲೇಖನದಲ್ಲಿ, ಈ ಕಾಯಿಲೆ ಯಾತರಿಂದ ಬಂತು ಎಂದು ನಿಮಗೆ ಅನ್ನಿಸುತ್ತದೆ, ಇದರಲ್ಲಿ ನಿಮಗೆ ಅತಿ ಹೆಚ್ಚು ಭಯ ಯಾವುದು ಎಂದು ರೋಗಿಯನ್ನು ಕೇಳಲು ಹೇಳಿದರು. ವಿದ್ಯಾರ್ಥಿಗಳು ಇದನ್ನು ಹಾಗೇ ಕನ್ನಡದಲ್ಲಿ ಕೇಳಿದಾಗ ನಮ್ಮ ಜನ ತಬ್ಬಿಬ್ಬಾಗುತ್ತಾರೆ. ‘ಡಾಕ್ಟ್ರು ನೀವು, ನಿಮಗೆ ಗೊತ್ತಿರ್ಬೇಕು, ನನ್ನ ಕೇಳ್ತೀರಲ್ಲ’ ಅನ್ನುತ್ತಾರೆ. ಅದಕ್ಕೆ ನಾನು ಬೇರೆ ರೀತಿ ಹೇಳಿಕೊಡುತ್ತೇನೆ: ‘ಇದರ ಬಗ್ಗೆ ಮನೇಲಿ ಏನು ಮಾತಾಡ್ಕೊಂಡ್ರಿ?’ ಇದಕ್ಕೆ ಎಲ್ಲರ ಹತ್ತಿರವೂ ಉತ್ತರವಿರುತ್ತದೆ. ಅತ್ತೆ ದೃಷ್ಟಿ ಅಂದದ್ದು, ಪಕ್ಕದ ಮನೆಯವರು ಕಿಡ್ನಿ ಅಂದದ್ದು, ಅಣ್ಣ ಯೂಟ್ಯೂಬ್ ನೋಡಿ ಹೇಳಿದ್ದು ಎಲ್ಲ ಬರುತ್ತದೆ, ಅದರ ಜೊತೆಯಲ್ಲೇ ಭಯವೂ ಬರುತ್ತದೆ.

ತಲೆನೋವಿಗೆ ಮೂರು ಕಡೆ ತೋರಿಸಿ, ಎರಡು ಸಲ ಸ್ಕ್ಯಾನು ಮಾಡಿಸಿಕೊಂಡು ಬಂದ ಹುಡುಗನಿಗೆ ಕಳೆದ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳು ಈ ಪ್ರಶ್ನೆ ಹಾಕಿದಳು. ಅವನ ದೊಡ್ಡಪ್ಪ ಮಿದುಳಿನ ಗಡ್ಡೆಯಿಂದ ಸತ್ತಿದ್ದರು, ಅವರಿಗೂ ಮೊದಲು ಬಂದದ್ದು ತಲೆನೋವೇ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಅದೇ ಯೋಚನೆ. ‘ಸ್ಕ್ಯಾನ್ ನಾರ್ಮಲ್’ ಎಂದು ಹಿಂದಿನ ಮೂರೂ ಕಡೆ ಹೇಳಿದ್ದರು. ದೊಡ್ಡಪ್ಪನಿಗೆ ಇದ್ದದ್ದು ನಿನಗಿಲ್ಲ ಎಂದು ಯಾರೂ ಹೇಳಿರಲಿಲ್ಲ, ಅವನು ಕೇಳಿಯೂ ಇರಲಿಲ್ಲ. ಅವಳು ಸ್ಕ್ಯಾನಿನ ಫಿಲಂ ಅನ್ನು ಬೆಳಕಿಗೆ ಹಿಡಿದು, ಗಡ್ಡೆಯಿದ್ದರೆ ಎಲ್ಲಿ, ಹೇಗೆ ಕಾಣುತ್ತಿತ್ತು ಎಂದು ಅವನಿಗೂ ಅವನ ತಾಯಿಗೂ ತೋರಿಸಿ ಹೇಳಿದಳು. ಮೈಗ್ರೇನಿನ ಮಾತ್ರೆ ಅವನಿಗೆ ಮೊದಲೂ ಬರೆದುಕೊಟ್ಟಿದ್ದರು. ಈ ಸಲ ಅದನ್ನು ಬಿಡದೆ ತಗೊಂಡ.